ಅಲಗಿನ ಮುದ್ರೆಗಳು: ದಖ್ಖನಿನ ಹಳೆಯ ಕತ್ತಿಗಳು

ದಖ್ಖನಿನ ಹಳೆಯ ಕತ್ತಿಗಳ ಮೂಲವನ್ನು ಹುಡುಕುವವರು ಮೊದಲು ನೋಡುವುದು ಅಲಗಿನ ಮೇಲೆ ಒತ್ತಿದ ಅಥವಾ ಕೊರೆದ ಗುರುತುಗಳನ್ನು. ಅಲಗು ಒಂದು ದೇಶದ್ದು, ಹಿಡಿ ಇನ್ನೊಂದು ದೇಶದ್ದಾಗಿರುವುದು ಇಲ್ಲಿ ಮಾಮೂಲು. ಹಾಗಾಗಿ ಎರಡನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು.

16 ಮತ್ತು 17ನೇ ಶತಮಾನಗಳಲ್ಲಿ ಯುರೋಪಿನ ಅಲಗುಗಳು ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದವು. ಇಲ್ಲಿನ ಕಸುಬುದಾರರು ಅವಕ್ಕೆ ದೇಸಿ ಹಿಡಿ ಕೂಡಿಸಿದರು. ಇಂಥ ನೇರ ಅಲಗಿನ ಕತ್ತಿಗೆ ‘ಫಿರಂಗಿ’ ಎಂದು ಹೆಸರು. ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿರುವ, ಶಿವಾಜಿಯದೆಂದು ಪ್ರತೀತಿಯಿರುವ ಫಿರಂಗಿಯ ಅಲಗಿನಲ್ಲಿ ಯೇಸುವಿನ ಹೆಸರಿನ ಸಂಕೇತವಾದ ‘ಐಎಚ್‌ಎಸ್’ ಅಕ್ಷರಗಳಿವೆ.

ಮುದ್ರೆಯೊಂದನ್ನೇ ನಂಬಿದರೆ ಮೋಸ ಹೋಗುವುದು ಖಂಡಿತ. ಕೆಲವೇ ಗೀರುಗಳಲ್ಲಿ ಕೊರೆದು, ಹಲವೊಮ್ಮೆ ಹಿತ್ತಾಳೆ ತುಂಬಿದ ‘ಓಡುವ ತೋಳ’ ಮೊದಲು ಜರ್ಮನಿಯ ಪಸಾವ್ ಕಮ್ಮಾರರದು. ಬೇಡಿಕೆ ಕಂಡು ಸೋಲಿಂಗೆನ್‌ನವರೂ ಅದನ್ನೇ ಕೊರೆಯತೊಡಗಿದರು. ಅಂಚಿನಲ್ಲಿ ಹಲ್ಲುಗಳಿರುವ ಜೋಡಿ ಬಾಗುಗೆರೆ ಇಟಲಿಯ ಜಿನೋವಾದ ಗುರುತೆಂದು ಹೆಸರಾಗಿದ್ದರೂ ಕಾಕಸಸ್ ಮತ್ತು ಭಾರತದ ಕಮ್ಮಾರರು ಅದನ್ನು ಧಾರಾಳವಾಗಿ ನಕಲು ಮಾಡಿದರು. ಪರ್ಷಿಯಾದ ಹೆಸರಾಂತ ಕಮ್ಮಾರ ಇಸ್ಫಹಾನಿನ ಅಸದುಲ್ಲಾನ ಸಹಿಯ ಪಾಡೂ ಇದೇ. ಒಬ್ಬನ ಜೀವಮಾನದಲ್ಲಿ ಆಗದಷ್ಟು ಅಲಗುಗಳ ಮೇಲೆ, ಅವನ ಕಾಲ ಕಳೆದ ಬಹಳ ದಿನಗಳ ನಂತರವೂ, ಆ ಸಹಿ ಕಾಣುತ್ತದೆ. ಅಂದಿನ ಗಿರಾಕಿಗೆ ಇದು ಗುಣಮಟ್ಟದ ಭರವಸೆ, ಮಾರುವವನಿಗೆ ಬೆಲೆ ಏರಿಸುವ ದಾರಿ.

ಶಸ್ತ್ರಾಗಾರದ ಗುರುತುಗಳು ಇವಕ್ಕಿಂತ ನಂಬಲರ್ಹ. ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿದ್ದ ಆದೋನಿ ಕೋಟೆ ಮೊಘಲರ ವಶವಾದಾಗ, 1689ರಲ್ಲಿ, ಬೀಕಾನೇರಿನ ಮಹಾರಾಜ ಅನೂಪ್ ಸಿಂಗ್ ಅಲ್ಲಿನ ಆಯುಧಗಳನ್ನು ತನ್ನೂರಿಗೆ ಸಾಗಿಸಿದ. ಅವುಗಳ ಮೇಲೆ ಚುಕ್ಕಿಚುಕ್ಕಿಯಾಗಿ ಹೊಡೆದ ದೇವನಾಗರಿ ಬರಹ ರಾಜಸ್ಥಾನದ್ದಾದರೂ ಆಯುಧಗಳು ದಖ್ಖನಿನವು. ಇಲ್ಲಿ ಗುರುತು ಹೇಳುವುದು ಕತ್ತಿ ಯಾರ ಕೈ ಸೇರಿತೆಂಬುದನ್ನು, ಎಲ್ಲಿ ಹುಟ್ಟಿತೆಂಬುದನ್ನಲ್ಲ. ಶ್ರೀರಂಗಪಟ್ಟಣದ ಆಯುಧಗಳ ಹುಲಿಪಟ್ಟೆಯೂ ಹಾಗೆಯೇ: ಅದು ಟಿಪ್ಪುವಿನ ಆಸ್ಥಾನದ ಲಾಂಛನ, ಕಮ್ಮಾರನ ಸಹಿಯಲ್ಲ.

ಆದ್ದರಿಂದ ಪರಿಣತರು ಮುದ್ರೆಯ ಜೊತೆಗೆ ಉಕ್ಕಿನ ಬಗೆ, ಅಲಗಿನ ಉದ್ದಗೆರೆ ತೋಡುಗಳು ಮತ್ತು ಕೈಬದಲಾದ ದಾಖಲೆಗಳನ್ನೂ ನೋಡುತ್ತಾರೆ. 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹರಾಜಾದ ಟಿಪ್ಪುವಿನ ಮಲಗುವ ಕೋಣೆಯ ಕತ್ತಿಗೆ ಜರ್ಮನ್ ಮಾದರಿಯ ಅಲಗಿದೆ. ಹರಾಜುದಾರರು ಅದನ್ನು ಭಾರತದ ಕಮ್ಮಾರರ ಕೆಲಸವೆಂದೇ ಗುರುತಿಸಿದ್ದಾರೆ.