ಕಾಶಿಯ ಗಲ್ಲಿ, ಗೊತ್ತುಪಡಿಸದ ದಕ್ಷಿಣೆ: ಯಾತ್ರಿಕರ ಮೆಚ್ಚುಗೆ ಮತ್ತು ಬೇಸರದ ಬಗ್ಗೆ ಒಂದು ಟಿಪ್ಪಣಿ

ಕಾಶಿಗೆ ಹೋಗಿ ಬಂದವರು ಎರಡು ಬಗೆಯಾಗಿ ಮಾತಾಡುತ್ತಾರೆ. ಕೆಲವರಿಗೆ ಆ ಊರು ಬಿಟ್ಟು ಬರಲು ಮನಸ್ಸೇ ಆಗಲಿಲ್ಲ. ಕೆಲವರಿಗೆ ಎರಡನೇ ದಿನಕ್ಕೇ ಸಾಕುಸಾಕಾಗಿ ಹೋಯಿತು. ಯಾಕೆ ಎಂದು ಕೇಳಿದರೆ ಇಬ್ಬರೂ ಹೇಳುವ ಸಂಗತಿಗಳು ಮಾತ್ರ ಅವೇ. ಎದುರಿಂದ ಬಂದವರಿಗಾಗಿ ಗೋಡೆಗೆ ಒತ್ತಿ ನಿಲ್ಲಬೇಕಾದ ಗಲ್ಲಿ, ಅಡ್ಡ ನಿಂತ ಗೂಳಿ, ಅದರ ಹಿಂದೆ ಒಂದೇ ಸಮ ಹಾರನ್ ಬಾರಿಸುವ ಬೈಕು, 'ರಾಮ್ ನಾಮ್ ಸತ್ಯ ಹೈ' ಎಂದು ಕೂಗುತ್ತ ಹೆಗಲ ಮೇಲೆ ಸಾಗುವ ಶವ, ಘಾಟಿನ ಹೊಗೆ, ಕೊಳೆತ ಹೂವು, ಗದ್ದಲ. ಒಬ್ಬರ ಮೆಚ್ಚುಗೆಗೂ ಇನ್ನೊಬ್ಬರ ಬೇಸರಕ್ಕೂ ಸಾಮಗ್ರಿ ಒಂದೇ ಆದರೆ, ಬೇಸರದ ಕಾರಣವನ್ನು ಆ ಸಾಮಗ್ರಿಯಲ್ಲೇ ಹುಡುಕುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಈ ಟಿಪ್ಪಣಿ ಬೇರೆ ಕಡೆ ಹುಡುಕುತ್ತದೆ.

ಸಾಮಾನ್ಯವಾಗಿ ಕೊಡುವ ಉತ್ತರಗಳು ಎರಡು. ಭಕ್ತಿ ಇದ್ದವರಿಗೆ ಕಾಶಿ ಹಿಡಿಸುತ್ತದೆ, ಇಲ್ಲದವರಿಗೆ ಇಲ್ಲ ಎಂಬುದು ಮೊದಲನೆಯದು. ನಮ್ಮವರಿಗೆ ಅದು ಸಹಜ, ಹೊರಗಿನವರಿಗೆ ಅಸಹ್ಯ ಎಂಬುದು ಎರಡನೆಯದು. ದಾಖಲೆಗಳ ಮುಂದೆ ಎರಡೂ ನಿಲ್ಲುವುದಿಲ್ಲ. ಕಾಶಿಯ ಬಗ್ಗೆ ಅತ್ಯಂತ ಕಠಿಣವಾಗಿ ಬರೆದವರಲ್ಲಿ ಒಬ್ಬರು ಗಾಂಧೀಜಿ. ಅವರು ಅಲ್ಲಿಗೆ ಭಕ್ತನಾಗಿಯೇ ಹೋದವರು, ಮೂರನೇ ದರ್ಜೆಯ ರೈಲಿನಲ್ಲಿ, ಸಾಧಾರಣ ಯಾತ್ರಿಕನ ಹಾಗೆ. ಆ ಊರನ್ನು ಮನಸಾರೆ ಹೊಗಳಿದವರಲ್ಲಿ ಒಬ್ಬ ಕವಿ ಮಿರ್ಜಾ ಗಾಲಿಬ್. ವಿಶ್ವನಾಥನ ದರ್ಶನಕ್ಕೂ ಗಂಗಾಸ್ನಾನದ ಪುಣ್ಯಕ್ಕೂ ಬಂದವನಲ್ಲ. ಪಿಂಚಣಿಯ ತಗಾದೆಗಾಗಿ ದೆಹಲಿಯಿಂದ ಕಲ್ಕತ್ತೆಗೆ ಹೊರಟವನು, 1827ರ ಸುಮಾರಿಗೆ ದಾರಿಯಲ್ಲಿ ಅಲ್ಲಿ ತಂಗಿದ. ಆ ಊರಿನ ಮೇಲೆ 108 ದ್ವಿಪದಿಗಳ 'ಚಿರಾಗ್-ಎ-ದೈರ್' ಎಂಬ ಪಾರಸಿ ಕಾವ್ಯವನ್ನೇ ಬರೆದ. ಅದಕ್ಕೆ ಸ್ವಲ್ಪ ಮೊದಲು ನೋಡಿದ ಅಲಹಾಬಾದು ಅವನಿಗೆ ಒಂದಿಷ್ಟೂ ಸೇರಲಿಲ್ಲ ಎಂಬುದನ್ನು ನೆನೆದರೆ, ಕಂಡ ಊರನ್ನೆಲ್ಲ ಹೊಗಳುವ ಜಾಯಮಾನ ಅವನದಲ್ಲ ಎಂಬುದೂ ತಿಳಿಯುತ್ತದೆ.

ಗಾಂಧೀಜಿಯವರ ಬರಹವನ್ನು ಇಲ್ಲಿ ನಿಧಾನವಾಗಿ ಓದಬೇಕು. 1902ರಲ್ಲಿ ಕಲ್ಕತ್ತೆಯಿಂದ ರಾಜಕೋಟೆಗೆ ಹೋಗುವಾಗ ಅವರು ಕಾಶಿಯಲ್ಲಿ ಇಳಿದ ಪ್ರಸಂಗ ಆತ್ಮಕಥೆಯಲ್ಲಿದೆ. ವಿಶ್ವನಾಥ ಗಲ್ಲಿಯ ಜಾರುವ ನೆಲ, ಮುತ್ತುವ ನೊಣ, ಅಂಗಡಿಯವರ ಕೂಗಾಟ, ಗುಡಿಯ ಬಾಗಿಲಲ್ಲೇ ಕೊಳೆತು ನಾರುವ ಹೂವಿನ ರಾಶಿ, ಯಾರೋ ಭಕ್ತರು ಅಮೃತಶಿಲೆಯ ನೆಲ ಒಡೆಸಿ ರೂಪಾಯಿ ನಾಣ್ಯಗಳನ್ನು ಹುದುಗಿಸಿದ್ದರಿಂದ ಸಂದಿಸಂದಿಯಲ್ಲಿ ಸೇರಿಕೊಂಡ ಕೊಳೆ, ಇವೆಲ್ಲ ಎಲ್ಲರಿಗೂ ನೆನಪಿರುವ ಭಾಗ. ಜ್ಞಾನವಾಪಿ ಬಾವಿಯ ಬಳಿ ನಡೆದದ್ದೂ ನೆನಪಿರುತ್ತದೆ. ದಕ್ಷಿಣೆ ಕೊಡುವ ಮನಸ್ಸಿಲ್ಲದೆ ಅವರು ಒಂದು ಪೈ ಮುಂದಿಟ್ಟರು. ಅಲ್ಲಿದ್ದ ಪಂಡಾ, ಅಂದರೆ ತೀರ್ಥದ ಪುರೋಹಿತ, ಅದನ್ನು ಎಸೆದು ಶಪಿಸಿದ. ಇವರು ಆ ಪೈಯನ್ನು ಎತ್ತಿಕೊಂಡು ಹೊರಟರು. ಅವನು ಮತ್ತೆ ಕರೆದು ಅದನ್ನೇ ಇಸಿದುಕೊಂಡ.

ಆದರೆ ಅದೇ ದಿನ ಬೆಳಿಗ್ಗೆ ಏನಾಯಿತೆಂಬುದು ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ರೈಲಿಳಿದೊಡನೆ ಸುತ್ತುಗಟ್ಟಿದ ಪಂಡಾಗಳಲ್ಲಿ ಗಾಂಧೀಜಿ ಒಬ್ಬನನ್ನು ಆರಿಸಿಕೊಂಡಿದ್ದರು. ಅವನ ಮನೆಯ ಅಂಗಳದಲ್ಲಿ ಹಸು, ಮಹಡಿಯ ಮೇಲೆ ತಂಗಲು ಜಾಗ. ಒಂದೂಕಾಲು ರೂಪಾಯಿಗಿಂತ ಹೆಚ್ಚು ಕೊಡಲಾರೆ ಎಂದು ಅವರು ಮೊದಲೇ ಹೇಳಿಬಿಟ್ಟರು. ಬಡವನಾಗಲಿ ಶ್ರೀಮಂತನಾಗಲಿ ಮಾಡಿಸುವ ವಿಧಿ ಒಂದೇ, ದಕ್ಷಿಣೆ ಅವರವರ ಶಕ್ತಿ, ಇಷ್ಟ ಎಂಬರ್ಥದ ಮಾತಾಡಿ ಪಂಡಾ ಒಪ್ಪಿಕೊಂಡ. ಸ್ನಾನ, ಪೂಜೆ ಎಲ್ಲ ಆಯಿತು. ಯಾವುದರಲ್ಲೂ ಅವನು ಕಡಿಮೆ ಮಾಡಲಿಲ್ಲ ಎಂದು ಗಾಂಧೀಜಿಯೇ ಬರೆಯುತ್ತಾರೆ. ವ್ಯಕ್ತಿ ಒಬ್ಬರೇ, ದಿನವೂ ಒಂದೇ, ಎದುರಿಗಿದ್ದವರು ಎರಡೂ ಸಲ ಪಂಡಾಗಳೇ. ಬೆಳಿಗ್ಗೆ ತೃಪ್ತಿ, ಮಧ್ಯಾಹ್ನ ಕಹಿ. ಬೆಳಿಗ್ಗೆ ಹಣದ ಮಾತು ಮೊದಲೇ ಮುಗಿದಿತ್ತು, ಮಧ್ಯಾಹ್ನ ಮುಗಿದಿರಲಿಲ್ಲ. ಗಲ್ಲಿಯ ಕೊಳೆಯೂ ಅವರನ್ನು ನೋಯಿಸಿತು, ಸಂಶಯವಿಲ್ಲ. 1916ರ ಫೆಬ್ರವರಿಯಲ್ಲಿ ಹಿಂದೂ ವಿಶ್ವವಿದ್ಯಾಲಯದ ಸಮಾರಂಭದಲ್ಲಿ, ರಾಜಮಹಾರಾಜರ ಎದುರಿನಲ್ಲೇ, ಆ ಗಲ್ಲಿಗಳ ಗಲೀಜನ್ನು ಎತ್ತಿ ಆಡಿದವರು ಅವರು. ಆದರೆ ಕೊಳೆ ಅವರಿಗೆ ನಾಗರಿಕ ಜವಾಬ್ದಾರಿಯ ಪ್ರಶ್ನೆಯಾಗಿತ್ತು. ಭಕ್ತನ ಮನಸ್ಸು ಮುರಿದದ್ದು ಜ್ಞಾನವಾಪಿಯ ಬಳಿ, ಚಾಚಿದ ಕೈಯ ಮುಂದೆ.

ನನ್ನ ವಾದ ಇಷ್ಟೇ: ಕಾಶಿಯ ಮೇಲಿನ ಬೇಸರಕ್ಕೆ ಮುಖ್ಯ ಕಾರಣ ಕೊಳಕೂ ಅಲ್ಲ, ಜನಜಂಗುಳಿಯೂ ಅಲ್ಲ. ಊರಿಗೂ ಯಾತ್ರಿಕನಿಗೂ ನಡುವೆ ನಿಲ್ಲುವವನ ಜೊತೆ ಲೆಕ್ಕ ಮೊದಲೇ ಗೊತ್ತಾಗಿರದಿರುವುದು. ಲೆಕ್ಕ ಗೊತ್ತಾಗಿದ್ದವರು, ಅಥವಾ ನಡುವಿನವನೇ ಬೇಕಿಲ್ಲದವರು, ಅದೇ ಗದ್ದಲವನ್ನು ಪ್ರೀತಿಸಿದ್ದಾರೆ.

ಗಾಲಿಬನಿಗೆ ಪಂಡಾಗಳ ಜೊತೆ ವ್ಯವಹಾರವೇ ಇರಲಿಲ್ಲ. ಜೇಮ್ಸ್ ಪ್ರಿನ್ಸೆಪ್ 1820ರಿಂದ ಹತ್ತು ವರ್ಷ ಕಾಶಿಯ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ. ನಗರದ ನಕ್ಷೆ ಮಾಡಿದ, ಜನಗಣತಿ ಮಾಡಿಸಿದ, ನೆಲದಡಿಯ ಚರಂಡಿ ಕಟ್ಟಿಸಿದ, ಘಾಟುಗಳ ಚಿತ್ರ ಬರೆದು ಪ್ರಕಟಿಸಿದ. ಕೆಲಸವಿದ್ದವನಿಗೆ ಊರು ತಾನಾಗಿ ತೆರೆದುಕೊಂಡಿತು. ಅಮೆರಿಕದ ಕವಿ ಅಲೆನ್ ಗಿನ್ಸ್‌ಬರ್ಗ್ 1962ರ ಕೊನೆಯಿಂದ 1963ರ ಮೇ ವರೆಗೆ ದಶಾಶ್ವಮೇಧ ಘಾಟಿನ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದ. ಭಿಕ್ಷುಕರು, ಕುಷ್ಠರೋಗಿಗಳು, ಮಣಿಕರ್ಣಿಕೆಯ ಚಿತೆಗಳು, ಪ್ರವಾಸಿಗರು ಮುಖ ತಿರುಗಿಸುವ ಎಲ್ಲವೂ ಅವನ ದಿನಚರಿಯಲ್ಲಿವೆ. ಅವನು ಮುಖ ತಿರುಗಿಸಲಿಲ್ಲ. ತಿಂಗಳ ಬಾಡಿಗೆ ಕೊಟ್ಟು ಇರುವವನನ್ನು ಗಲ್ಲಿಯ ಜನ ಗಿರಾಕಿಯ ಹಾಗೆ ನೋಡುವುದನ್ನು ಕೆಲವೇ ದಿನದಲ್ಲಿ ಬಿಡುತ್ತಾರೆ. ಕಾಶಿಯಲ್ಲಿ ತಿಂಗಳುಗಟ್ಟಲೆ ನಿಂತವರೆಲ್ಲ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ.

ಮಾರ್ಕ್ ಟ್ವೇನನ ಪ್ರಸಂಗ ಸ್ವಲ್ಪ ತೊಡಕಿನದು. 1896ರಲ್ಲಿ ಬಂದ ಅವನು ಮರುವರ್ಷ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಅಲ್ಲಿನ ನೀರಿನ ಹೊಲಸನ್ನು ಮರೆಮಾಚದೆ ವರ್ಣಿಸಿದ, ಗುಡಿಗುಡಿ ಸುತ್ತುವ ಯಾತ್ರೆಯ ಕ್ರಮವನ್ನು ಲೇವಡಿ ಮಾಡಿದ. ಆದರೂ ಆ ಅಧ್ಯಾಯಗಳಲ್ಲಿ ಇರುವುದು ಬೇಸರವಲ್ಲ, ಬೆರಗು. ಸ್ವಾಮಿ ಭಾಸ್ಕರಾನಂದ ಸರಸ್ವತಿಯವರನ್ನು ಕಂಡು ತನ್ನ 'ಹಕಲ್‌ಬೆರಿ ಫಿನ್' ಪುಸ್ತಕ ಕೊಟ್ಟು ಬಂದ. ಅವನು ಘಾಟುಗಳನ್ನು ನೋಡಿದ್ದು ದೋಣಿಯಿಂದ, ಊರನ್ನು ತಿಳಿದದ್ದು ಒಬ್ಬ ಪಾದ್ರಿ ಬರೆದ ಕೈಪಿಡಿಯಿಂದ. ಹೆಜ್ಜೆಹೆಜ್ಜೆಗೂ ಕೈ ಚಾಚುವವರು ಅವನಿಗೆ ಎದುರಾದದ್ದು ಕಡಿಮೆ.

ದೋಣಿಯ ಮಾತು ಬಂದದ್ದರಿಂದ ಊರಿನ ರಚನೆಯನ್ನು ಇಲ್ಲೇ ನೋಡಬೇಕು. ನನ್ನ ವಾದದ ಬೇರು ಇರುವುದು ಅಲ್ಲಿ. ಕಾಶಿಯಲ್ಲಿ ಗಂಗೆ ಉತ್ತರಕ್ಕೆ ತಿರುಗಿ ಹರಿಯುತ್ತದೆ. ಊರೆಲ್ಲ ಪಶ್ಚಿಮದ ಎತ್ತರದ ದಡದ ಮೇಲೆ, ಮುಖ ಸೂರ್ಯೋದಯದ ಕಡೆಗೆ. ಎದುರು ದಡ ಬರೀ ಮರಳು. ಮಳೆಗಾಲದಲ್ಲಿ ಮುಳುಗುವ ಆ ಬಯಲಲ್ಲಿ ಕಟ್ಟಡಗಳಿಲ್ಲ. ಹಾಗಾಗಿ ನೀರಿನ ಮೇಲೆ ನಿಂತವರಿಗೆ ಅಸ್ಸಿಯಿಂದ ರಾಜಘಾಟಿನವರೆಗೆ ಇಡೀ ಊರು ಒಂದೇ ನೋಟಕ್ಕೆ ಸಿಗುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ. ಅದೇ ಮೆಟ್ಟಿಲು ಹತ್ತಿ ಪಕ್ಕಾ ಮಹಲಿನ ಗಲ್ಲಿಗೆ ಕಾಲಿಟ್ಟರೆ ಹತ್ತು ಮಾರಿನ ಆಚೆ ಕಾಣದು. ಎತ್ತರದ ಮನೆಗಳ ನಡುವೆ ಆಕಾಶವೂ ಒಂದು ಪಟ್ಟಿಯಷ್ಟೇ. ತಿರುವು ತಿರುವಿನಲ್ಲೂ ದಾರಿ ಕೇಳಲೇಬೇಕು. ಕೇಳಿದವರಿಗೆ ತೋರಿಸುವವನು ಸಿಗುತ್ತಾನೆ, ತೋರಿಸುವವನು ಸೀರೆ ಅಂಗಡಿಯ ಮುಂದೆ ನಿಲ್ಲಿಸುತ್ತಾನೆ, ಮಾರಾಟವಾದರೆ ಅಂಗಡಿಯಿಂದ ಅವನಿಗೆ ಕಮಿಷನ್. ನಡುವಿನವನನ್ನು ಹುಟ್ಟಿಸಿದ್ದು ಗಲ್ಲಿಯೇ. ಕಾಶಿಯನ್ನು ಮೆಚ್ಚಿದವರು ನದಿಯನ್ನೂ, ಬೇಸತ್ತವರು ಗಲ್ಲಿಯನ್ನೂ ಹೆಚ್ಚು ವರ್ಣಿಸುವುದಕ್ಕೆ ಚೆಲುವು, ಕುರೂಪ ಮಾತ್ರ ಕಾರಣವಲ್ಲ.

ಈ ನಡುವಿನವನ ಲೆಕ್ಕಕ್ಕೂ ಕನ್ನಡನಾಡಿಗೂ ಹಳೆಯ ಸಂಬಂಧವಿದೆ. ಹೊಯ್ಸಳ ಮೂರನೆಯ ನರಸಿಂಹನ 1279ರ ಶಾಸನವೊಂದು ಹೆಬ್ಬಾಲೆ ಗ್ರಾಮದ ವರ್ಷಕ್ಕೆ 645 ನಿಷ್ಕಗಳ ಉತ್ಪನ್ನವನ್ನು ವಾರಾಣಸಿಗೆಂದು ಬಿಟ್ಟುಕೊಡುತ್ತದೆ. ಅಲ್ಲಿದ್ದ ಕನ್ನಡ, ತೆಲುಗು, ತುಳು, ಮಲೆಯಾಳ, ತಿರ್ಹುತ್, ಗೌಡ ಮೊದಲಾದ ನಾಡುಗಳವರು ತುರುಷ್ಕರಿಗೆ ಕಟ್ಟಬೇಕಾಗಿದ್ದ ತೆರಿಗೆಯನ್ನು ಅದರಿಂದ ಸಲ್ಲಿಸಬೇಕು. ಸಾಮಾನ್ಯವಾಗಿ ಈ ಶಾಸನವನ್ನು ರಾಜಕೀಯ ಇತಿಹಾಸದ ಸಾಕ್ಷಿಯಾಗಿ ಮಾತ್ರ ಓದುತ್ತೇವೆ. ಯಾತ್ರಿಕನ ಕಡೆಯಿಂದ ಓದಿದರೆ ಇನ್ನೊಂದು ಅರ್ಥ ಹೊಳೆಯುತ್ತದೆ: ದ್ವಾರಸಮುದ್ರದ ದೊರೆ ಕಾಶಿಯ ಖರ್ಚನ್ನು ಊರಲ್ಲೇ, ಮೊದಲೇ ಗೊತ್ತುಮಾಡಿ ಕಳಿಸುತ್ತಿದ್ದಾನೆ. ತನ್ನ ನಾಡಿನವರಿಗಷ್ಟೇ ಅಲ್ಲ, ತುಳು, ಗೌಡ ದೇಶದವರಿಗೂ. ಇದು ನನಗೆ ಬಹಳ ದೊಡ್ಡ ಮನಸ್ಸಿನ ಕೆಲಸವಾಗಿ ಕಾಣುತ್ತದೆ.

ಅದೇ ಶತಮಾನದ ರಾಘವಾಂಕನ ಹರಿಶ್ಚಂದ್ರನೂ ಇಲ್ಲಿ ನೆನಪಾಗಬೇಕು. ಕನ್ನಡಿಗರಲ್ಲಿ ಹೆಚ್ಚಿನವರಿಗೆ ಕಾಶಿಯ ಮೊದಲ ಪರಿಚಯ ಆ ಕಥೆಯಿಂದ. ಅಲ್ಲಿನ ಕಾಶಿಯ ನಟ್ಟನಡುವಿನ ದೃಶ್ಯ ಸುಡುಗಾಡಿನದು; ಸುಡುಗಾಡಿನ ಒಡೆಯ ವೀರಬಾಹುವಿನ ಆಳಾದ ದೊರೆ ಸ್ಮಶಾನದ ಶುಲ್ಕ ಕೇಳುತ್ತಾನೆ, ಸತ್ತ ಮಗನನ್ನು ಹೊತ್ತು ತಂದ ಚಂದ್ರಮತಿಯ ಕೈಯಲ್ಲಿ ಕೊಡಲು ಏನೂ ಇಲ್ಲ. ಇಂದು ಹರಿಶ್ಚಂದ್ರ ಘಾಟಿನ ಮಗ್ಗುಲಲ್ಲೇ ಕರ್ನಾಟಕ ಘಾಟ್ ಇದೆ. ಸುಡುಗಾಡಿನ ಲೆಕ್ಕ ಇಂದೂ ಉಳಿದಿದೆ. ಮಣಿಕರ್ಣಿಕೆಯಲ್ಲಿ ಒಟ್ಟಿದ ಕಟ್ಟಿಗೆಯ ಪಕ್ಕ ದೊಡ್ಡ ತಕ್ಕಡಿಗಳು ನಿಂತಿರುತ್ತವೆ. ಮಣದ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಶವ ತಂದವರಿಗೆ ಅಲ್ಲಿ ದರ ಗೊತ್ತು, ಅವರು ಜಗಳವಾಡುವುದು ಅಪರೂಪ. ಬೇಸರ ಹುಟ್ಟುವುದು ನೋಡಲು ಬಂದವರ ಪಾಲಿಗೆ. ಯಾರೋ ಒಬ್ಬ ಹತ್ತಿರ ಬಂದು ವಿವರಣೆ ಶುರುಮಾಡುತ್ತಾನೆ, ಚೆನ್ನಾಗಿ ಕಾಣುತ್ತದೆಂದು ಮೇಲಿನ ಕಟ್ಟಡಕ್ಕೆ ಕರೆದೊಯ್ಯುತ್ತಾನೆ, ಕೊನೆಗೆ ಬಡವರ ಕಟ್ಟಿಗೆಗೆ ಇಷ್ಟು ಮಣದ ಹಣ ಕೊಡಿ ಎಂದು ಪಟ್ಟು ಹಿಡಿಯುತ್ತಾನೆ. ಸಾವಿನ ಮುಂದೆ ನಿಂತವರು ಚೌಕಾಸಿ ಮಾಡಲಾರರು ಎಂಬುದು ಅವನಿಗೆ ಗೊತ್ತು.

ಸಂಕಲ್ಪದ ಹೊತ್ತಿನಲ್ಲೂ ಇದೇ ನಡೆಯುತ್ತದೆ. ಬಿದಿರಿನ ಕೊಡೆಯ ಕೆಳಗೆ, ಹಲಗೆಯ ಮೇಲೆ ಕೂತ ಪುರೋಹಿತ ಬೊಗಸೆಗೆ ನೀರು, ಅಕ್ಷತೆ, ಹೂವು ಹಾಕಿ ಗೋತ್ರ, ಹೆಸರು ಕೇಳುತ್ತಾನೆ. ಮಂತ್ರದ ನಡುವೆ ಅಲ್ಲಿಗೆ ನಿಲ್ಲಿಸಿ ದಾನ ಎಷ್ಟೆಂದು ಹೇಳಿಸುತ್ತಾನೆ. ಕೈಯಲ್ಲಿ ಗಂಗಾಜಲ, ಬಾಯಲ್ಲಿ ತೀರಿಹೋದ ತಂದೆಯ ಹೆಸರು. ಆಗ ಹೇಳಿದ ಮೊತ್ತವನ್ನು ಆಮೇಲೆ ಕಡಿಮೆ ಮಾಡುವ ಧೈರ್ಯ ಯಾರಿಗಿದೆ? ಆದರೆ ಹನುಮಾನ್ ಘಾಟ್, ಕೇದಾರ ಘಾಟ್ ಸುತ್ತಿನ ದಕ್ಷಿಣದವರ ಮನೆಗಳಿಗೆ ಊರಿಂದಲೇ ಫೋನು ಮಾಡಿ, ಶ್ರಾದ್ಧಕ್ಕೆ ಇಷ್ಟು, ಊಟಕ್ಕೆ ಇಷ್ಟು, ದಂಪತಿ ಪೂಜೆಗೆ ಇಷ್ಟು ಎಂದು ತಿಳಿದುಕೊಂಡು ಹೋದವರು, ಜಂಗಮವಾಡಿ ಮಠದಂಥ ಕಡೆ ಇಳಿದುಕೊಂಡವರು ಇಂಥ ದೂರು ಹೇಳುವುದು ಕಡಿಮೆ. ಅವರೂ ಅದೇ ಗಲ್ಲಿಯಲ್ಲಿ ನಡೆಯುತ್ತಾರೆ, ಅದೇ ಸಗಣಿ ತುಳಿಯುತ್ತಾರೆ. ಊರಿಗೆ ಬಂದು ಹೇಳುವುದು ಮಾತ್ರ ಗಂಗಾರತಿಯ ಸುದ್ದಿ, ಬೆಳಗಿನ ಕಚೋರಿಯ ಸುದ್ದಿ.

ಅಂಬಿಗರ ಮಾತನ್ನೂ ಸೇರಿಸಬೇಕು. ಘಾಟಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಕೇಳಿದರೆ ತಿಳಿಯುತ್ತದೆ: ಒಬ್ಬ ಹೇಳುವ ದರ ತಲೆಗೆ, ಇನ್ನೊಬ್ಬನದು ಗಂಟೆಗೆ, ಮತ್ತೊಬ್ಬನದು ಇಡೀ ದೋಣಿಗೆ. ಮೊತ್ತದ ಬಗ್ಗೆ ಆಗುವ ಜಗಳಕ್ಕಿಂತ ಈ ಅಳತೆಯ ಬಗ್ಗೆ ಆಗುವ ಜಗಳವೇ ಹೆಚ್ಚು. ಅಂಬಿಗರನ್ನು ಮೋಸಗಾರರೆಂದು ತಳ್ಳಿಹಾಕುವುದು ಅನ್ಯಾಯ. ಮಳೆಗಾಲದಲ್ಲಿ ಪ್ರವಾಹ ಬಂದು ಮೆಟ್ಟಿಲು ಮುಳುಗಿದಾಗ ದೋಣಿ ಬಿಡುವಂತಿಲ್ಲ. ಉಳಿದ ತಿಂಗಳ ದುಡಿಮೆಯಲ್ಲೇ ವರ್ಷ ಕಳೆಯಬೇಕು.

ಈ ವಾದವನ್ನು ಪರೀಕ್ಷಿಸಲು ಈಗ ಒಂದು ಅವಕಾಶ ಬಂದಿದೆ. 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ವಿಶ್ವನಾಥ ಧಾಮಕ್ಕಾಗಿ ಮುನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಕೊಂಡು ಕೆಡವಿದರು. ಸುಮಾರು 3,000 ಚದರಡಿಯಷ್ಟಿದ್ದ ಗುಡಿಯ ಆವರಣ ಸುಮಾರು 5 ಲಕ್ಷ ಚದರಡಿಗೆ ಹಿಗ್ಗಿತು. ಗಾಂಧೀಜಿ ನಡೆದ ಬಗೆಯ ಇಕ್ಕಟ್ಟಿಲ್ಲದೆ ಈಗ ಗಂಗೆಯಿಂದ ನೇರ ಗುಡಿಗೆ ಹೋಗಬಹುದು. ಸುಗಮ ದರ್ಶನಕ್ಕೆ ದರ ನಿಗದಿಯಾದ ಟಿಕೆಟು ಇದೆ. ಇತ್ತ ಕರ್ನಾಟಕ ಸರ್ಕಾರವೂ 2022ರಲ್ಲಿ ಕಾಶಿಯಾತ್ರಿಗಳಿಗೆ 5,000 ರೂಪಾಯಿ ಸಹಾಯಧನ ಕೊಡತೊಡಗಿತು, ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನದ ವಿಶೇಷ ರೈಲೂ ಹೊರಟಿತು. ವೃದ್ಧರಿಗೆ, ಕಾಲುನೋವಿನವರಿಗೆ ಇವೆಲ್ಲ ದೊಡ್ಡ ಉಪಕಾರ, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಕೆಡವಿದ್ದರಲ್ಲಿ ಲಾಹೋರಿ ಟೋಲಾದಂಥ ಹಳೆಯ ಮೊಹಲ್ಲಾ ಇತ್ತು, ಮನೆಗಳೊಳಗೆ ಅಡಗಿದ್ದ ಗುಡಿಗಳಿದ್ದವು, ತಲೆಮಾರುಗಳಿಂದ ಬಾಳಿದ ಜನ ಇದ್ದರು. ಗಿನ್ಸ್‌ಬರ್ಗನ ಹಾಗೆ ಕಾಶಿಯನ್ನು ಪ್ರೀತಿಸಿದವರು ಪ್ರೀತಿಸಿದ್ದು ಆ ಬಗೆಯ ಮೊಹಲ್ಲಾಗಳನ್ನೇ.

ನನ್ನ ವಾದ ಸರಿಯಾಗಿದ್ದರೆ ಅಗಲವಾದ ದಾರಿಯಿಂದ ಬೇಸರ ಅಳಿಯಬಾರದು, ಜಾಗ ಬದಲಿಸಬೇಕು: ಗುಡಿಯ ಬಾಗಿಲು ಬಿಟ್ಟು ಟೋಟೋ (ಇ-ರಿಕ್ಷಾ) ನಿಲ್ದಾಣಕ್ಕೆ, ದೋಣಿಯ ಕಟ್ಟೆಗೆ, ಮಣಿಕರ್ಣಿಕೆಯ ಮೇಲುಮಾಳಿಗೆಗೆ, ಅಂದರೆ ದರ ಇನ್ನೂ ಬಾಯಿಮಾತಿನಲ್ಲೇ ಇರುವ ಕಡೆಗೆ. ಇತ್ತೀಚೆಗೆ ಹೋಗಿಬಂದ ಕನ್ನಡಿಗರ ಮಾತಿನಲ್ಲಿ ನನಗೆ ಕೇಳಿಬರುತ್ತಿರುವುದು ಹೆಚ್ಚಾಗಿ ಆ ಮೂರು ಜಾಗಗಳ ಹೆಸರೇ. ಕೊಳೆತ ಹೂವಿನ ರಾಶಿಯ ಪ್ರಸ್ತಾಪ ವಿರಳವಾಗಿದೆ. ಮುಂದಿನ ಕೆಲಸ ಹನುಮಾನ್ ಘಾಟಿನ ಪುರೋಹಿತರ ಮನೆಗಳಲ್ಲೂ ಮಠಗಳಲ್ಲೂ ಆಗಬೇಕು. ನಮ್ಮ ಕಡೆಯ ಯಾವ ಊರಿನವರು ಯಾರ ಮನೆಯಲ್ಲಿ ಇಳಿದರು, ಏನು ಕೊಟ್ಟರು, ಮತ್ತೆ ಬಂದರೇ ಎಂಬುದನ್ನು ಅಲ್ಲಿ ಬರೆದಿಟ್ಟ ಲೆಕ್ಕದ ಪುಸ್ತಕಗಳಿಂದ ಹೆಕ್ಕಿ ತೆಗೆಯಬೇಕು. ಮತ್ತೆ ಬಂದವರ ಹೆಸರಿನ ಎದುರು ಇರುವ ಮೊತ್ತವೂ ಬಾರದವರ ಹೆಸರಿನ ಎದುರು ಇರುವ ಮೊತ್ತವೂ ಒಂದೇ ರೀತಿ ಗೊತ್ತಾದದ್ದೇ, ಬೇರೆಯೇ ಎಂಬುದರ ಮೇಲೆ ಈ ವಾದ ನಿಲ್ಲಬೇಕು ಅಥವಾ ಬೀಳಬೇಕು.