ಗಂಜಿ ಕೇಂದ್ರದಿಂದ ಹಕ್ಕಿನ ಘೋಷಣೆಗೆ: ಸೇವ್ ದಿ ಚಿಲ್ಡ್ರನ್ ಸಂಸ್ಥೆಯ ಮೊದಲ ವರ್ಷಗಳು, 1919–1924

1918ರ ನವೆಂಬರ್ 11ರಂದು ಕದನವಿರಾಮವಾಯಿತು. ಆದರೆ ಜರ್ಮನಿ, ಆಸ್ಟ್ರಿಯಾಗಳಿಗೆ ಆಹಾರ ಹೋಗದಂತೆ ಮಿತ್ರರಾಷ್ಟ್ರಗಳು ಹಾಕಿದ್ದ ನೌಕಾ ದಿಗ್ಬಂಧನ ತೆರವಾಗಲಿಲ್ಲ. ಜರ್ಮನಿಯ ವಿಷಯದಲ್ಲಂತೂ ಸಂಧಿಪತ್ರಕ್ಕೆ ಸಹಿ ಬೀಳುವವರೆಗೆ ಅದು ಮುಂದುವರಿಯಿತು. ಆ ತಿಂಗಳುಗಳಲ್ಲಿ ವಿಯೆನ್ನಾದ ಮಕ್ಕಳು ಹಾಲಿಲ್ಲದೆ, ಕೊಬ್ಬಿನಂಶವಿಲ್ಲದೆ, ಕಾಲು ಸೊಟ್ಟಗಾಗಿ, ಕ್ಷಯ ತಗುಲಿ ಸೊರಗುತ್ತಿದ್ದರು. ಈ ಸುದ್ದಿ ಬ್ರಿಟನ್ನಿನ ಓದುಗರಿಗೆ ತಲುಪಿದ್ದರಲ್ಲಿ ಡೊರೊತಿ ಬಕ್ಸ್‌ಟನ್ ಅವರ ಪಾಲು ದೊಡ್ಡದು. ಯುದ್ಧಕಾಲದಲ್ಲಿ ಆಕೆ ಶತ್ರುದೇಶಗಳ ಪತ್ರಿಕೆಗಳನ್ನು ಸರ್ಕಾರದ ಅನುಮತಿಯಿಂದ ತರಿಸಿಕೊಂಡು, ಅವುಗಳ ಆಯ್ದ ಭಾಗಗಳನ್ನು ಅನುವಾದಿಸಿ ‘ಕೇಂಬ್ರಿಡ್ಜ್ ಮ್ಯಾಗಜಿನ್’ನಲ್ಲಿ ಪ್ರಕಟಿಸುತ್ತಿದ್ದರು. ಅವರ ಅಕ್ಕ ಎಗ್ಲಂಟೈನ್ ಜೆಬ್ ಆ ಕೆಲಸದಲ್ಲಿ ಜೊತೆಯಾದರು.

ಜೆಬ್ ಹುಟ್ಟಿದ್ದು 1876ರಲ್ಲಿ, ಶ್ರಾಪ್‌ಶೈರಿನ ಅನುಕೂಲಸ್ಥ ಮನೆತನದಲ್ಲಿ. ಆಕ್ಸ್‌ಫರ್ಡಿನಲ್ಲಿ ಇತಿಹಾಸ ಓದಿ ಕೆಲಕಾಲ ಶಾಲೆಯಲ್ಲಿ ಪಾಠ ಮಾಡಿದರು. 1906ರಲ್ಲಿ ಕೇಂಬ್ರಿಡ್ಜ್ ನಗರದ ಬಡತನದ ಮೇಲೆ ಒಂದು ಅಧ್ಯಯನ ಗ್ರಂಥ ಪ್ರಕಟಿಸಿದರು. 1913ರಲ್ಲಿ ಬಾಲ್ಕನ್ ಯುದ್ಧದ ನಿರಾಶ್ರಿತರಿಗೆ ನೆರವು ತಲುಪಿಸಲು ಮ್ಯಾಸಿಡೋನಿಯಾಕ್ಕೆ ಹೋಗಿ ಬಂದರು. ಅವರನ್ನು ಕೇವಲ ಕರುಣಾಮಯಿ ಮಹಿಳೆಯೆಂದು ಚಿತ್ರಿಸುವವರು ಆ ಕೇಂಬ್ರಿಡ್ಜ್ ಅಧ್ಯಯನವನ್ನು ಮರೆಯುತ್ತಾರೆ. ಯಾರಿಗೆ, ಏಕೆ, ಎಷ್ಟು ಎಂದು ಲೆಕ್ಕ ಕೇಳದ ದಾನ ಅವರಿಗೆ ಒಗ್ಗುತ್ತಿರಲಿಲ್ಲ. ಮುಂದೆ ಅವರು ಕಟ್ಟಿದ ಸಂಸ್ಥೆಯ ಸ್ವಭಾವವೂ ಇಲ್ಲಿಂದಲೇ ಬಂತೆಂದು ನನ್ನ ಅಭಿಪ್ರಾಯ.

1919ರ ಜನವರಿಯಲ್ಲಿ ದಿಗ್ಬಂಧನದ ವಿರುದ್ಧ ‘ಫೈಟ್ ದ ಫ್ಯಾಮಿನ್ ಕೌನ್ಸಿಲ್’ ಆರಂಭವಾಯಿತು. ಏಪ್ರಿಲ್‌ನಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಜೆಬ್ ಕರಪತ್ರ ಹಂಚಿದರು. ಅದರಲ್ಲಿದ್ದದ್ದು ಮೂಳೆ ಚಕ್ಕಳವಾದ ಆಸ್ಟ್ರಿಯಾದ ಮಗುವೊಂದರ ಚಿತ್ರ. ಇದಕ್ಕೆ ಕಾರಣ ನಮ್ಮದೇ ದಿಗ್ಬಂಧನ ಎಂಬ ಆಪಾದನೆ. ಸೆನ್ಸಾರ್ ಒಪ್ಪಿಗೆ ಪಡೆಯದ ಕರಪತ್ರವೆಂದು ಪೊಲೀಸರು ಅವರನ್ನು ಬಂಧಿಸಿದರು. ಮೇ ತಿಂಗಳಲ್ಲಿ ನ್ಯಾಯಾಲಯ 5 ಪೌಂಡ್ ದಂಡ ವಿಧಿಸಿತು. ವಾದ ಮಾಡಿ ಗೆದ್ದ ಸರ್ಕಾರಿ ವಕೀಲ ಸರ್ ಆರ್ಚಿಬಾಲ್ಡ್ ಬಾಡ್ಕಿನ್ ಅವರೇ ಆ 5 ಪೌಂಡನ್ನು ಜೆಬ್ ಕೈಗಿತ್ತರೆಂದೂ, ಅದೇ ಸೇವ್ ದಿ ಚಿಲ್ಡ್ರನ್ ನಿಧಿಯ ಮೊದಲ ದೇಣಿಗೆಯಾಯಿತೆಂದೂ ಸಂಸ್ಥೆ ತನ್ನ ಚರಿತ್ರೆಯಲ್ಲಿ ಹೇಳಿಕೊಳ್ಳುತ್ತದೆ. ಮೇ 19ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಸಾರ್ವಜನಿಕ ಸಭೆಯಲ್ಲಿ ‘ಸೇವ್ ದಿ ಚಿಲ್ಡ್ರನ್ ಫಂಡ್’ ಜನರ ಮುಂದೆ ಬಂತು. ಅದೇ ವರ್ಷದ ಕೊನೆಗೆ ಪೋಪ್ 15ನೇ ಬೆನೆಡಿಕ್ಟ್ ಮಧ್ಯ ಯುರೋಪಿನ ಮಕ್ಕಳಿಗಾಗಿ ಚರ್ಚುಗಳಲ್ಲಿ ಹಣ ಕೂಡಿಸಲು ಕರೆಕೊಟ್ಟರು. 1920ರ ಜನವರಿಯಲ್ಲಿ ಜಿನೀವಾದಲ್ಲಿ ಸೇವ್ ದಿ ಚಿಲ್ಡ್ರನ್‌ನ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. ರೆಡ್‌ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿ ಅದರ ಬೆನ್ನಿಗೆ ನಿಂತಿತು.

ಹಣ ಬಂತು. ಆದರೆ ಅನ್ನ ಯಾರಿಗೆ ಮೊದಲು? ಈ ಪ್ರಶ್ನೆಗೆ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಕೊಟ್ಟ ಉತ್ತರವನ್ನು ತುಸು ಹತ್ತಿರದಿಂದ ನೋಡಬೇಕು. ‘ಅಲರ್ಜಿ’ ಎಂಬ ಮಾತನ್ನು ವೈದ್ಯಲೋಕಕ್ಕೆ ಕೊಟ್ಟವರೂ ಇವರೇ. ಅಮೆರಿಕದ ನೆರವಿನಿಂದ ನಡೆದ ಮಕ್ಕಳ ಊಟದ ವ್ಯವಸ್ಥೆಯ ಹೊಣೆ ಹೊತ್ತಿದ್ದ ಪಿರ್ಕೆ, ಮಗುವನ್ನು ಕೂರಿಸಿ ಬುಡದಿಂದ ನೆತ್ತಿಯವರೆಗಿನ ಎತ್ತರ ಅಳೆಸುತ್ತಿದ್ದರು. ಗ್ರಾಮಿನಲ್ಲಿ ತೂಕ ತೆಗೆದು, ಹತ್ತರಿಂದ ಗುಣಿಸಿ, ಅದರ ಘನಮೂಲವನ್ನು ಸೆಂಟಿಮೀಟರಿನಲ್ಲಿರುವ ಆ ಎತ್ತರದಿಂದ ಭಾಗಿಸಿದರೆ ಬರುವ ಅಂಕವನ್ನು ಶೇಕಡಾವಾರಿನಲ್ಲಿ ಬರೆದುಕೊಳ್ಳುತ್ತಿದ್ದರು. 20 ಕಿಲೋ ತೂಗುವ, ಕುಳಿತಾಗ 64 ಸೆಂ.ಮೀ. ಎತ್ತರವಿರುವ ಮಗುವಿಗೆ 91 ಬರುತ್ತದೆ. 94ಕ್ಕಿಂತ ಕೆಳಗೆ ಬಂದ ಮಗು ಅಪೌಷ್ಟಿಕ ಮಗು. ಅದಕ್ಕೆ ಊಟ ಮೊದಲು. ಅಪ್ಪ ಯಾವ ಪಕ್ಷ, ಯಾವ ಧರ್ಮ, ಯಾವ ಸೇನೆಯಲ್ಲಿದ್ದ ಎಂದು ಆ ಲೆಕ್ಕ ಕೇಳುವುದಿಲ್ಲ.

ಪಿರ್ಕೆ ಅವರ ಮಕ್ಕಳ ಆಸ್ಪತ್ರೆಯಲ್ಲೇ ಲಂಡನ್ನಿನ ಲಿಸ್ಟರ್ ಸಂಸ್ಥೆಯ ವಿಜ್ಞಾನಿ ಹ್ಯಾರಿಯೆಟ್ ಚಿಕ್ ಮತ್ತವರ ತಂಡ 1919ರಿಂದ 1922ರವರೆಗೆ ಬಾಲಾಸ್ಥಿರೋಗ, ಎಂದರೆ ರಿಕೆಟ್ಸ್, ಕುರಿತು ಕೆಲಸ ಮಾಡಿತು. ಕಾಡ್ ಮೀನಿನ ಎಣ್ಣೆ ಕೊಟ್ಟರೂ, ಬಿಸಿಲಿಗೆ ಮೈಯೊಡ್ಡಿಸಿದರೂ ಈ ರೋಗ ವಾಸಿಯಾಗುತ್ತದೆ, ಬಾರದಂತೆಯೂ ತಡೆಯಬಹುದು ಎಂಬುದನ್ನು ಆ ತಂಡ ತೋರಿಸಿಕೊಟ್ಟಿತು. ಈ ಎರಡು ಕೆಲಸಗಳೂ ನಡೆದದ್ದು ಜೆಬ್ ಸಂಸ್ಥೆಯ ಹೊರಗೆ. ಆದರೂ ಆ ನಗರದಲ್ಲಿ ನೆರವು ನೀಡುತ್ತಿದ್ದ ಎಲ್ಲರ ಕೆಲಸದ ಮೇಲೂ ಅವು ಒಂದು ಪ್ರಶ್ನೆಯನ್ನು ಹೊರಿಸಿದವು: ತಡೆಯಬಹುದಾದ ರೋಗದಿಂದ ಮಗು ಅಂಗವಿಕಲವಾದರೆ ಅದನ್ನು ವಿಧಿಯೆಂದು ಬಿಡಬಹುದೆ?

1921ರಲ್ಲಿ ರಷ್ಯಾದ ವೋಲ್ಗಾ ಬಯಲಿನಲ್ಲಿ ಭೀಕರ ಕ್ಷಾಮ ಬಿತ್ತು. ಸತ್ತವರು ಸುಮಾರು 50 ಲಕ್ಷವೆಂಬ ಅಂದಾಜಿದೆ. ಅದುವರೆಗೆ ಹೆಚ್ಚಾಗಿ ಕ್ವೇಕರ್ ಕ್ರೈಸ್ತ ಪಂಥದವರೇ ಮೊದಲಾದ ಗುಂಪುಗಳಿಗೆ ಹಣ ಕೊಡುತ್ತಿದ್ದ ನಿಧಿ ಈಗ ತಾನೇ ಒಲೆ ಹೂಡಿತು. ಸೆಪ್ಟೆಂಬರ್‌ನಲ್ಲಿ ‘ಟಾರ್ಸೆಲೊ’ ಹಡಗು 600 ಟನ್ ಸಾಮಗ್ರಿ ಹೊತ್ತು ಲಂಡನ್ನಿನಿಂದ ಹೊರಟಿತು. ಸರಾಟೊವ್ ಪ್ರಾಂತ್ಯದಲ್ಲಿ ಗಂಜಿ ಕೇಂದ್ರಗಳು ತೆರೆದವು. ಕೆಲಸ ಶಿಖರ ಮುಟ್ಟಿದಾಗ ದಿನಕ್ಕೆ ಸುಮಾರು 3 ಲಕ್ಷ ಮಕ್ಕಳು ಅಲ್ಲಿ ಉಣ್ಣುತ್ತಿದ್ದರು. ಬ್ರಿಟನ್ನಿನಲ್ಲಿ ‘ಡೈಲಿ ಎಕ್ಸ್‌ಪ್ರೆಸ್’ ಪತ್ರಿಕೆ ಇದನ್ನು ಕಟುವಾಗಿ ವಿರೋಧಿಸಿತು: ನಮ್ಮವರೇ ನಿರುದ್ಯೋಗಿಗಳಾಗಿರುವಾಗ ಬೊಲ್ಷೆವಿಕರ ಮಕ್ಕಳಿಗೇಕೆ ಅನ್ನ? ಸಂಸ್ಥೆ ಸರಾಟೊವ್‌ನಲ್ಲಿ ಚಲನಚಿತ್ರ ತೆಗೆಸಿ ಊರೂರಲ್ಲಿ ತೋರಿಸಿತು. ಹಸಿದ ಮಗುವಿನ ದೇಹವನ್ನು ದೇಣಿಗೆಗಾಗಿ ಪ್ರದರ್ಶಿಸುವ ಪರಿಪಾಠವೂ ಹೀಗೆ ಬೆಳೆಯಿತು. ಅದರಿಂದ ಜೀವಗಳು ಉಳಿದದ್ದು ನಿಜ. ಆ ಮಕ್ಕಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲವೆಂಬುದೂ ಅಷ್ಟೇ ನಿಜ. ಇಂದಿಗೂ ನೆರವು ಸಂಸ್ಥೆಗಳಿಂದ ಈ ಋಣ ತೀರಿಲ್ಲ.

ವಿಯೆನ್ನಾ, ಸರಾಟೊವ್‌ಗಳ ಅನುಭವದ ಬೆನ್ನಿಗೇ ಮಕ್ಕಳ ಹಕ್ಕುಗಳ ಘೋಷಣೆ ಬಂತೆಂಬುದು ಆಕಸ್ಮಿಕವಲ್ಲ. ಕ್ಷಾಮ ಇಳಿಯುತ್ತಿದ್ದಂತೆ ದೇಣಿಗೆಯೂ ಇಳಿಯುತ್ತದೆ, ಆದರೆ ಮಗುವಿನ ಬೆಳವಣಿಗೆ ಮುಂದಿನ ಕ್ಷಾಮದವರೆಗೆ ಕಾಯುವುದಿಲ್ಲ. ನೆರವಿನಾಚೆಗೂ ನಿಲ್ಲುವ ಒಂದು ಹೊಣೆಗಾರಿಕೆಯನ್ನು ಜೆಬ್ ಬರವಣಿಗೆಯಲ್ಲಿ ಕಟ್ಟಲು ಹೊರಟರು. 1923ರಲ್ಲಿ ಜಿನೀವಾದ ಒಕ್ಕೂಟ ಆ ಘೋಷಣೆಯನ್ನು ಅಂಗೀಕರಿಸಿತು. 1924ರ ಸೆಪ್ಟೆಂಬರ್ 26ರಂದು ರಾಷ್ಟ್ರಸಂಘ ಅನುಮೋದಿಸಿತು. ಐದೇ ಅಂಶಗಳು. ಸಹಜ ಬೆಳವಣಿಗೆಗೆ ಬೇಕಾದುದು ಮಗುವಿಗೆ ಸಿಗಬೇಕು. ಹಸಿದದ್ದಕ್ಕೆ ಊಟ, ರೋಗಿಗೆ ಆರೈಕೆ, ಹಿಂದುಳಿದದ್ದಕ್ಕೆ ಸಹಾಯ, ದಾರಿ ತಪ್ಪಿದ್ದಕ್ಕೆ ತಿದ್ದುಪಾಟು, ಅನಾಥಕ್ಕೆ ಆಸರೆ. ಆಪತ್ತಿನಲ್ಲಿ ಮೊದಲ ಪರಿಹಾರ ಮಗುವಿಗೆ. ಬದುಕು ಕಟ್ಟಿಕೊಳ್ಳುವ ಶಕ್ತಿ ಮತ್ತು ಶೋಷಣೆಯಿಂದ ರಕ್ಷಣೆ. ಕೊನೆಯದಾಗಿ, ತನ್ನ ಪ್ರತಿಭೆ ಸಹಮಾನವರ ಸೇವೆಗೆ ಮೀಸಲೆಂಬ ಅರಿವಿನಲ್ಲಿ ಬೆಳೆಸುವಿಕೆ. ಎರಡನೆಯ ಅಂಶದಲ್ಲಿ ಹಸಿವು, ಕಾಯಿಲೆ, ಅಪರಾಧ, ಅನಾಥತನ ಒಂದೇ ಸಾಲಿನಲ್ಲಿ ನಿಂತಿವೆ. ಆರೋಗ್ಯ ಮತ್ತು ರಕ್ಷಣೆಯ ನಡುವೆ ಗೋಡೆಯಿಲ್ಲ. ಗಂಜಿ ಕೇಂದ್ರದ ಸರದಿಯಲ್ಲಿ ಈ ಎಲ್ಲ ಮಕ್ಕಳೂ ಒಟ್ಟಿಗೇ ಎದುರಾಗುತ್ತಾರೆ. ಆ ಅನುಭವ ಬರವಣಿಗೆಯಲ್ಲಿ ಹಾಗೆಯೇ ಇಳಿದಿದೆಯೆಂದು ನಾನು ಓದುತ್ತೇನೆ.

ಕೊರತೆಗಳೂ ಇದ್ದವು. ಹೊಣೆ ಹೊರಿಸಿದ್ದು ಎಲ್ಲ ದೇಶಗಳ ಸ್ತ್ರೀಪುರುಷರ ಮೇಲೆ. ಸರ್ಕಾರಗಳನ್ನು ಕಟ್ಟಿಹಾಕುವ ಶಕ್ತಿ ಅದಕ್ಕಿರಲಿಲ್ಲ. ವಸಾಹತುಗಳ ಮಕ್ಕಳ ಬಗ್ಗೆ ಬೇರೆ ಮಾತಿಲ್ಲ. 1931ರಲ್ಲಿ ಇದೇ ಒಕ್ಕೂಟ ಆಫ್ರಿಕಾದ ಮಕ್ಕಳ ಕುರಿತು ಜಿನೀವಾದಲ್ಲಿ ಸಮ್ಮೇಳನ ನಡೆಸಿದಾಗ ಅಲ್ಲಿದ್ದ ಆಫ್ರಿಕನ್ನರು ಬೆರಳೆಣಿಕೆಯಷ್ಟು. ಅಷ್ಟು ಹೊತ್ತಿಗೆ ಜೆಬ್ ಇರಲಿಲ್ಲ. 1928ರ ಡಿಸೆಂಬರ್‌ನಲ್ಲಿ, 52ನೇ ವಯಸ್ಸಿನಲ್ಲಿ, ಜಿನೀವಾದಲ್ಲೇ ತೀರಿಕೊಂಡಿದ್ದರು.

ನಮ್ಮ ಕಡೆ ಮಕ್ಕಳ ರಕ್ಷಣೆ ಮತ್ತು ಆರೋಗ್ಯ ಎಂಬ ಈ ಎರಡು ಕೆಲಸಗಳು ಬೇರೆ ಬೇರೆ ದಾರಿಯಿಂದ ಬಂದವು. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಕಾನೂನಿನಿಂದ ತಡೆದಿತ್ತು. ಅದು ನ್ಯಾಯಾಲಯದ ದಾರಿ. ಸಮುದಾಯ ಆರೋಗ್ಯ ಬಂದದ್ದು ರಾಕ್‌ಫೆಲರ್ ಪ್ರತಿಷ್ಠಾನದ ಸಹಯೋಗದಲ್ಲಿ, ಮಂಡ್ಯದ ಆರೋಗ್ಯ ಘಟಕ ಮತ್ತು ಆಮೇಲಿನ ಕ್ಲೋಸ್‌ಪೇಟೆಯ, ಎಂದರೆ ಇಂದಿನ ರಾಮನಗರದ, ತರಬೇತಿ ಕೇಂದ್ರದ ಮೂಲಕ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿ. ನರಸೀಪುರ. ಅಂಗನವಾಡಿಯಲ್ಲಿ ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಶಾಲಾಪೂರ್ವ ಶಿಕ್ಷಣ ಒಂದೇ ಸೂರಿನಡಿ ಸೇರಿದವು, ರಕ್ಷಣೆ ಸೇರಲಿಲ್ಲ. ಅದಕ್ಕೆಂದು ಸಮಗ್ರ ಮಕ್ಕಳ ರಕ್ಷಣಾ ಯೋಜನೆ ಬಂದದ್ದು 2009ರಲ್ಲಿ, ಪ್ರತ್ಯೇಕ ಸಿಬ್ಬಂದಿ, ಪ್ರತ್ಯೇಕ ಕಡತಗಳೊಂದಿಗೆ. ತೂಕದ ಪಟ್ಟಿಯಲ್ಲಿ ಮಗುವಿನ ಗೆರೆ ಕೆಳಗಿಳಿಯುವುದನ್ನು ಅಂಗನವಾಡಿ ಕಾರ್ಯಕರ್ತೆ ಎಲ್ಲರಿಗಿಂತ ಮೊದಲು ಕಾಣುತ್ತಾರೆ. ಆ ಮನೆಯ ದೊಡ್ಡ ಹುಡುಗಿ ಶಾಲೆ ಬಿಟ್ಟಿದ್ದಾಳೆ, ಅವಳಿಗೆ ಗಂಡು ನೋಡುತ್ತಿದ್ದಾರೆ ಎಂಬುದೂ ಆಕೆಗೆ ಗೊತ್ತಿರುತ್ತದೆ. ಎರಡೂ ಒಂದೇ ಮನೆಯ ಸಂಕಟ. ದಾಖಲಾಗುವುದು ಮಾತ್ರ ಎರಡು ಕಡೆ.

ಭಾರತ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ 1992ರ ಡಿಸೆಂಬರ್‌ನಲ್ಲಿ ಸೇರಿತು; ಬಾಲದುಡಿಮೆಯ 32ನೇ ವಿಧಿಯನ್ನು ಹಂತಹಂತವಾಗಿ ಜಾರಿ ಮಾಡುವುದಾಗಿ ಹೇಳಿತು. ನಾಲ್ಕು ವರ್ಷಗಳ ನಂತರ, 1996ರಲ್ಲಿ, ಹಲವು ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲಿ ಸೇರಿ ಹತ್ತು ಅಂಶಗಳ ಘೋಷಣೆ ಹೊರಡಿಸಿದರು. ಶೋಷಣೆಯನ್ನು ವಿರೋಧಿಸಿ, ಒಳ್ಳೆಯ ಆರೋಗ್ಯ ಸೇವೆಯನ್ನೂ ತಮ್ಮ ಬದುಕಿಗೆ ಹೊಂದುವ ಶಿಕ್ಷಣವನ್ನೂ ಕೇಳಿದರು. ಅವುಗಳ ಜೊತೆಗೆ, ತಮಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ತಮ್ಮನ್ನು ಕೇಳಬೇಕೆಂದರು. ಜಿನೀವಾದ ಐದು ಅಂಶಗಳಲ್ಲಿ ಇಲ್ಲದ ಬೇಡಿಕೆಯದು.