ಸಿಡುಬು ಬಂದ ಊರು ಬಿಡದ ಪಾದ್ರಿ

ಕುಂಕಳ್ಳಿ ಎಂದೊಡನೆ ಇತಿಹಾಸ ಓದಿದವರಿಗೆ 1583ರ ದಂಗೆ ನೆನಪಾಗುತ್ತದೆ. ಇಲ್ಲಿನ ಇಗರ್ಜಿಯ ಹೆಸರಿನಲ್ಲೂ ಒಂದು ಪಾಠವಿದೆ. ಅದು ಆರೋಗ್ಯ ಮಾತೆಯ ಇಗರ್ಜಿ. ಆರೋಗ್ಯ ಬೇಡಿ ಮೊಂಬತ್ತಿ ಹಚ್ಚಿದ ಮೇಲೆ ಭಕ್ತರು ಮಾಡಬೇಕಾದದ್ದೇನು? ಉತ್ತರ ಬೇಕಿದ್ದರೆ ದೂರ ಹೋಗಬೇಕಾಗಿಲ್ಲ.

ಇದೇ ಸಾಸಷ್ಟಿ ಸೀಮೆಯ ಬೆನಾವಲಿಯಲ್ಲಿ 1651ರ ಏಪ್ರಿಲ್ 21ರಂದು ಜೋಸೆಫ್ ವಾಜ್ ಹುಟ್ಟಿದರು. ನಮ್ಮ ಕರಾವಳಿಗೂ ಅವರು ಹೊಸಬರಲ್ಲ. 1681ರಿಂದ 1684ರವರೆಗೆ ಮಂಗಳೂರು, ಬಸರೂರು, ಗಂಗೊಳ್ಳಿ ಕಡೆ ಸೇವೆ ಮಾಡಿದವರು. 1687ರಲ್ಲಿ ಸಿಂಹಳಕ್ಕೆ ಹೋದರು. ಕ್ಯಾಂಡಿಯಲ್ಲಿ ಅವರನ್ನು ಗೂಢಚಾರನೆಂದು ಶಂಕಿಸಿ ಸೆರೆಯಲ್ಲಿಟ್ಟರು.

1697ರಲ್ಲಿ ಅದೇ ಕ್ಯಾಂಡಿಗೆ ಸಿಡುಬು ಬಂತು. ಜೆನ್ನರ್ ಲಸಿಕೆ ಕಂಡುಹಿಡಿಯಲು ಇನ್ನೂ 99 ವರ್ಷ ಬೇಕಿತ್ತು. ಗಟ್ಟಿಮುಟ್ಟಾಗಿದ್ದವರು ಊರು ಬಿಟ್ಟರು. ರೋಗಿಗಳನ್ನು ಸ್ವಂತ ಮನೆಯವರೇ ತೊರೆದರು. ವಾಜ್ ಮತ್ತು ಅವರ ಅಕ್ಕರೆಯ ಬಂಧು ಪಾದ್ರಿ ಜೋಸೆಫ್ ಕಾರ್ವಾಲೊ ಮಾತ್ರ ಅಲ್ಲೇ ಉಳಿದರು. ರೋಗಿಗಳಿಗೆ ನೆರಳು ಒದಗಿಸಿದರು, ಉಣಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಹೂಳಿದರು. ಯಾವ ಧರ್ಮದವರೆಂದು ಕೇಳಲಿಲ್ಲ. ಔಷಧವಿಲ್ಲದ ಕಾಲದಲ್ಲಿ ನೀರು, ಅನ್ನ, ಶುಚಿತ್ವ ಇವೇ ಆಸರೆ.

ಮಂಗಳೂರಿನಲ್ಲೂ ಇದೇ ದಾರಿ ಹಿಡಿದವರಿದ್ದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡಲು ಆರಂಭಿಸಿದ ಫಾದರ್ ಮುಲ್ಲರ್, 1902ರಲ್ಲಿ ಪ್ಲೇಗ್ ರೋಗಿಗಳಿಗಾಗಿ ಆಸ್ಪತ್ರೆ ತೆರೆದರು.

2020ರಲ್ಲಿ ಕೊರೊನಾ ಬಂದಾಗ ಕೆಲಸ ತಿರುವುಮುರುವಾಯಿತು. ಮಾರ್ಚಿನಲ್ಲಿ ಗೋವಾದ ಇಗರ್ಜಿಗಳಲ್ಲಿ ಜನ ಸೇರುವ ಪೂಜೆ ನಿಂತಿತು. ಆ ವರ್ಷ ಈಸ್ಟರ್ ಹಬ್ಬವೂ ಮನೆಯೊಳಗೇ ಕಳೆಯಿತು. ಭಕ್ತಿ ಕಡಿಮೆಯಾಯಿತೆ ಎಂದು ಕೇಳಿದವರಿದ್ದರು. ಇಲ್ಲ. ಅಂದು ಹತ್ತಿರ ಹೋಗುವುದು ನೆರೆಯವನ ಹಿತವಾಗಿತ್ತು, ಈ ಸಲ ಸೋಂಕು ಹರಡದಂತೆ ದೂರವಿರುವುದೂ ಅವನ ಹಿತವೇ ಆಗಿತ್ತು.

ಆದರೆ ದೂರವಿರುವುದು ಬೇರೆ, ದೂರ ಮಾಡುವುದು ಬೇರೆ. 2020ರ ಜೂನ್‌ನಲ್ಲಿ ವಾಸ್ಕೋದ ಮಾಂಗೋರ್ ಹಿಲ್ ಕಂಟೈನ್‌ಮೆಂಟ್ ವಲಯವಾದಾಗ ಆ ಹೆಸರು ಹೇಳಲೂ ಜನ ಹಿಂಜರಿದರು. ಶಾಲೆ ಮತ್ತೆ ತೆರೆದಾಗ, ಮನೆಯಲ್ಲಿ ರೋಗ ಬಂದುಹೋಗಿದ್ದ ಒಬ್ಬ ಹುಡುಗನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಅವನಿಗೆ ಆಗ ಯಾವ ಸೋಂಕೂ ಇರಲಿಲ್ಲ. ಎರಡು ದಿನ ನಾವೂ ನೋಡಿ ಸುಮ್ಮನಿದ್ದೆವು. ಮೂರನೆಯ ದಿನ ಪಾಠ ಬದಿಗಿಟ್ಟು ಕ್ಯಾಂಡಿಯ ಕಥೆ ಹೇಳಿದೆವು. ಕಥೆ ಮುಗಿಯುವ ಮೊದಲೇ ಒಬ್ಬ ಹುಡುಗಿ ಚೀಲ ಎತ್ತಿಕೊಂಡು ಹೋಗಿ ಅವನ ಪಕ್ಕ ಕುಳಿತಳು.

ವಾಜ್ ಅವರನ್ನು 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು. ಶಿಕ್ಷಕ ಮಿತ್ರರೆ, ನಿಮ್ಮ ತರಗತಿಯಲ್ಲೂ ಈ ಕಥೆ ಒಮ್ಮೆ ಹೇಳಿ. ನಮ್ಮ ಹಾಗೆ ಮೂರನೆಯ ದಿನದವರೆಗೆ ಕಾಯಬೇಡಿ.